ಬಯಲುಸೀಮೆಯಲ್ಲಿ ಪಿತೃದೀಪ ತೇಲಿಸುವ ಕ್ರಮ

ಅಗಲಿದವರ ಹೆಸರಿನಲ್ಲಿ ನೀರಿಗೆ ದೀಪ ಬಿಡುವ ಆಚರಣೆ ಲೋಕದ ಹಲವೆಡೆ ಉಂಟು. ಹಿರೋಶಿಮಾದಲ್ಲಿ ಆಗಸ್ಟ್ 6ರ ಸಂಜೆ ಮೊಟೊಯಾಸು ನದಿಗೆ ಕಾಗದದ ದೀಪಗಳನ್ನು ಬಿಡುತ್ತಾರೆ. ಹೊನೊಲುಲುವಿನಲ್ಲಿ 1999ರಲ್ಲಿ ಆರಂಭವಾದ ದೀಪೋತ್ಸವದಲ್ಲಿ ಮೇ ತಿಂಗಳ ಕೊನೆಯ ಸೋಮವಾರ ಸಾವಿರಾರು ದೀಪಗಳು ಕಡಲಿಗಿಳಿಯುತ್ತವೆ; ಮುಗಿದ ಮೇಲೆ ಅವನ್ನೆಲ್ಲ ಆಯ್ದು ದಡಕ್ಕೆ ತರುತ್ತಾರೆ. ಈ ವಿಧಿಯನ್ನು ಮಧುಗಿರಿ, ಶಿರಾ, ಕೊರಟಗೆರೆ ಹಾಗೂ ಪಾವಗಡ ತಾಲ್ಲೂಕುಗಳಲ್ಲಿ ನೆರವೇರಿಸಬಯಸುವವರ ಅನುಕೂಲಕ್ಕಾಗಿ ಕೆಲವು ಶಾಸ್ತ್ರೀಯ ಅಂಶಗಳನ್ನು ಇಲ್ಲಿ ನಿರೂಪಿಸಲಾಗಿದೆ.

ಮೊದಲನೆಯದು ಸ್ಥಳನಿರ್ಣಯ. ಈ ನಾಲ್ಕು ತಾಲ್ಲೂಕುಗಳಿಗೆ ಕಡಲತೀರವಿಲ್ಲ. ಮಧುಗಿರಿಯ ಏಕಶಿಲಾ ಬೆಟ್ಟದ ನೆತ್ತಿಯಿಂದಲೂ ಸಮುದ್ರ ಕಾಣುವುದಿಲ್ಲವೆಂದು ಏದುಸಿರು ಬಿಡುತ್ತ ಹತ್ತಿದ ಅನೇಕರು ದೃಢಪಡಿಸಿದ್ದಾರೆ. ಆದರೆ ತಾತ್ತ್ವಿಕ ಸಂಪರ್ಕ ಇದೆ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿ ಸೀಮೆಯನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುತ್ತದೆ; ಪಿನಾಕಿನಿಯು ನೆಲ್ಲೂರಿನ ಆಚೆ ಬಂಗಾಳ ಕೊಲ್ಲಿಯನ್ನು. ಕೊರಟಗೆರೆಯಲ್ಲಿ ಬಿಟ್ಟ ದೀಪ ಕಡಲು ಮುಟ್ಟುವುದಕ್ಕೆ ನಕ್ಷೆಯಲ್ಲಿ ಯಾವ ಅಡ್ಡಿಯೂ ಇಲ್ಲ. ನೆಲದ ಮೇಲೆ ಮಾತ್ರ ಸಣ್ಣ ವ್ಯತ್ಯಾಸ: ವರ್ಷದ ಬಹುಪಾಲು ನದಿಯ ಪಾತ್ರದಲ್ಲಿ ಚಲಿಸುವ ವಸ್ತು ಮರಳು, ಅದರ ಹರಿವು ರಾತ್ರಿ ವೇಳೆ, ಲಾರಿಯ ಮೂಲಕ, ಬೆಂಗಳೂರಿನ ದಿಕ್ಕಿಗೆ. ದೀಪವನ್ನು ಮರಳಿನ ಮೇಲಿಟ್ಟು ಬಂದವರ ಹಿರಿಯರು ಯಲಹಂಕದ ಯಾವುದೋ ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿ ಸದ್ಗತಿ ಹೊಂದಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು.

ಕಾಲದ ವಿಷಯದಲ್ಲಿ ಹೊನೊಲುಲುವಿನ ಮುಹೂರ್ತ ಇಲ್ಲಿಗೆ ಹೊಂದದು. ಮೇ ಕೊನೆಯಲ್ಲಿ ಕೆರೆಯಂಗಳವು ಕ್ರಿಕೆಟ್ ಪಂದ್ಯಾವಳಿಗೆ ಮೀಸಲು. ಚೆಂಡು ಬಳ್ಳಾರಿ ಜಾಲಿಯ ಪೊದೆ ಮುಟ್ಟಿದರೆ ನಾಲ್ಕು ರನ್, ಏರಿ ದಾಟಿದರೆ ಆರು, ತೂಬಿನೊಳಗೆ ಹೋದರೆ ಹೊಡೆದವನೇ ಇಳಿದು ತರತಕ್ಕದ್ದು. ಅಗಲಿದ ಹಿರಿಯರಲ್ಲಿ ಹಲವರು ಇದೇ ಕೆರೆಯಲ್ಲಿ ಈಜು ಕಲಿತವರಾದ್ದರಿಂದ, ಅವರಿಗೆ ಮೊದಲು ಪಂದ್ಯದ ನಿಯಮಗಳನ್ನು ತಿಳಿಸಿ ಆಮೇಲೆ ದೀಪ ಹಚ್ಚುವುದು ಸೌಜನ್ಯ. ಕೆರೆಯನ್ನೂ ಮೃತರ ಪಟ್ಟಿಗೆ ಸೇರಿಸಿ ಒಂದು ದೀಪ ಇಡಬೇಕೆಂಬ ಸಲಹೆ ಆಗಾಗ ಬರುವುದುಂಟು. ಕಂದಾಯ ದಾಖಲೆಯಲ್ಲಿ ಅದು ಈಗಲೂ ಕೆರೆಯೆಂದೇ ಇದೆ. ಮರಣಪತ್ರವಿಲ್ಲದೆ ತಿಥಿ ಮಾಡಲು ಬಾರದು.

ಮಹಾಲಯ ಅಮಾವಾಸ್ಯೆಯೇ ಪ್ರಶಸ್ತ. ಶಿರಾದವರು ಮಾತ್ರ ಪಂಚಾಂಗದ ಜೊತೆಗೆ ಚುನಾವಣಾ ವೇಳಾಪಟ್ಟಿಯನ್ನೂ ನೋಡಿಕೊಳ್ಳುವುದು ಕ್ಷೇಮ. ಹೇಮಾವತಿ ನೀರು ಕಳ್ಳಂಬೆಳ್ಳ ಮತ್ತು ಶಿರಾ ಕೆರೆಗಳಿಗೆ ಬರುತ್ತದೆ. ಮದಲೂರು ಕೆರೆಗೂ ಅದನ್ನು ಹರಿಸುವ ಮಾತು 2020ರ ಉಪಚುನಾವಣೆಯ ದೊಡ್ಡ ಭರವಸೆಯಾಗಿತ್ತು. ಮುಂಗಾರು, ಹಿಂಗಾರುಗಳ ನಂತರದ ಮೂರನೆಯ ಮಳೆಗಾಲವೆಂದು ಉಪಚುನಾವಣೆಯನ್ನು ಎಣಿಸುವ ಪದ್ಧತಿ ಅಲ್ಲಿಂದ ನೆಲೆಗೊಂಡಿತು. ಇದರ ಆಗಮನವನ್ನು ಹವಾಮಾನ ಇಲಾಖೆ ಮುಂದಾಗಿ ಹೇಳಲಾರದು.

ಪಾವಗಡದಲ್ಲಿ ಬೆಳಕಿಗೆ ಕೊರತೆಯಿಲ್ಲ. ತಿರುಮಣಿ ಸುತ್ತಲಿನ ಸೌರ ಪಾರ್ಕು ಸುಮಾರು 13,000 ಎಕರೆಯಲ್ಲಿ ಹರಡಿದ್ದು, ಅದರ ಸಾಮರ್ಥ್ಯ 2,050 ಮೆಗಾವಾಟ್. ದೂರಕ್ಕೆ ಆ ಫಲಕಗಳ ಹರವು ಅಲೆಯಡಗಿದ ಸಮುದ್ರದಂತೆಯೇ ತೋರುವುದಾದರೂ, ಬೇಲಿ ಹಾಗೂ ಕಾವಲುಗಾರರಿರುವುದರಿಂದ ಪಿತೃಗಳಿಗೆ ಒಳಗೆ ಪ್ರವೇಶವಿಲ್ಲ. ಆದ್ದರಿಂದ ವಿಧಿಯನ್ನು ಮನೆಯಂಗಳದಲ್ಲೇ, ಪ್ಲಾಸ್ಟಿಕ್ ಟಬ್ಬಿನಲ್ಲಿ ನಡೆಸತಕ್ಕದ್ದು. ನೀರನ್ನು ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ 20 ಲೀಟರಿನ ಕ್ಯಾನಿನಲ್ಲಿ ಹಿಡಿಯಬೇಕು. ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿಮೀರಿರುವ ಸೀಮೆಯಿದು. ಬದುಕಿದಷ್ಟು ಕಾಲ ಅದನ್ನೇ ಕುಡಿದು, ಹಲ್ಲು ಕಂದಿಸಿಕೊಂಡು, ಬೆನ್ನು ಬಾಗಿಸಿಕೊಂಡು ಹೋದವರಿಗೆ ಈಗ ಶುದ್ಧ ನೀರು ಒದಗಿಸುವುದು ಸರ್ವಥಾ ಯೋಗ್ಯ.

ಮುತ್ತುಗದ ಎಲೆಯ ದೊನ್ನೆ, ಹರಳೆಣ್ಣೆ, ಹತ್ತಿಯ ಬತ್ತಿ: ಇಷ್ಟೇ ಸಾಮಗ್ರಿ. ಅಜ್ಜಿಯ ದೀಪ ಟಬ್ಬಿನ ಅಂಚಿಗೆ ಹೋಗಿ ಅಂಟಿಕೊಂಡರೆ ಮೊಮ್ಮಗನು ತೋರುಬೆರಳಿನಿಂದ ನೂಕತಕ್ಕದ್ದು. ನದಿಯ ಕೆಲಸವನ್ನು ಈ ಸೀಮೆಯಲ್ಲಿ ಅವನಿಗೆ ವಹಿಸಲಾಗಿದೆ. ತಾತ ಮತ್ತು ಚಿಕ್ಕತಾತನ ದೀಪಗಳು ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಬೇಕು, ಭಾಗದ ವ್ಯಾಜ್ಯ ಇನ್ನೂ ಕೋರ್ಟಿನಲ್ಲಿದೆ. ವಿಧಿ ಮುಗಿದ ಮೇಲೆ ನೀರನ್ನು ಚೆಲ್ಲುವುದು ಮಹಾಪಾಪ. ಅದು ಎಮ್ಮೆಗೆ ಸಲ್ಲುತ್ತದೆ; ಎಣ್ಣೆಯ ವಾಸನೆಗೆ ಎಮ್ಮೆ ಮೂತಿ ತಿರುಗಿಸಿದರೆ ಕರಿಬೇವಿನ ಗಿಡಕ್ಕೆ.

2022ರಂಥ ಮಳೆಯ ವರ್ಷದಲ್ಲಿ ಕೆರೆ ಕೋಡಿ ಬಿದ್ದರೆ ಮೇಲಿನ ನಿಯಮಗಳೆಲ್ಲ ರದ್ದಾಗುತ್ತವೆ. ನೀರು ಯಥೇಚ್ಛ, ಆದರೆ ಸರದಿ ಉಂಟು. ಮೊದಲು ಶಾಸಕರ ಬಾಗಿನ, ಅನಂತರ ಮಾಜಿ ಶಾಸಕರ ಬಾಗಿನ, ಆಮೇಲೆ ಕೋಡಿಯಲ್ಲಿ ಸೆಲ್ಫಿ ತೆಗೆದುಕೊಳ್ಳುವವರು, ಕೊನೆಗೆ ಪಿತೃಗಳು. ವೇದಿಕೆಯ ಭಾಷಣಗಳು ಮುಗಿಯುವವರೆಗೆ ಗಾಳಿಗೆ ಅಂಗೈ ಅಡ್ಡ ಹಿಡಿದು ಏರಿಯ ಮೇಲೆ ನಿಲ್ಲಬೇಕಾದ್ದರಿಂದ, ಎರಡು ಸಲ ತುಂಬಿಸುವಷ್ಟು ಹರಳೆಣ್ಣೆಯನ್ನು ಸೀಸೆಯಲ್ಲಿ ಜೊತೆಗೊಯ್ಯುವುದು ರೂಢಿ. ಸಚಿವರು ಬರುವುದಿದ್ದರೆ ನಾಲ್ಕು.