28ನೇ ತಾರೀಖಿನವರೆಗೆ ಅಜೇಯ

ನೆಬ್ರಾಸ್ಕಾದ ಲಿಂಕನ್ ಊರಿನಲ್ಲಿ ಡಿಸೆಂಬರ್ ತಿಂಗಳು ಕೆಂಪು ಟೋಪಿಯ ನಡುವಯಸ್ಸಿನ ಗಂಡಸು ಎದುರು ಸಿಕ್ಕರೆ ‘ಹೇಗಿದ್ದೀರಿ’ ಎಂದು ಕೇಳಬಾರದು. ಕೇಳಿದಿರೋ, ಕ್ವಾರ್ಟರ್‌ಬ್ಯಾಕ್ ಹೇಗಿದ್ದಾನೆ, ಕೋಚ್ ಹೇಗಿದ್ದಾರೆ, ಒದೆಯುವ ಹುಡುಗನ ಕಾಲು ಹೇಗಿದೆ ಎಂಬುದನ್ನೆಲ್ಲ ನಿಂತು ಕೇಳಬೇಕಾಗುತ್ತದೆ. ಹೆಂಡತಿ ಮಕ್ಕಳ ಯೋಗಕ್ಷೇಮದ ಸರದಿ ಕೊನೆಗೆ. ಅದೂ ಮಗ ತಂಡದ ಬಗ್ಗೆ ಏನಾದರೂ ಅಪಶಕುನ ನುಡಿದಿದ್ದರೆ ಮಾತ್ರ.

ಈತ ಕಾಲೇಜು ಫುಟ್‌ಬಾಲಿನ ಆಶಾವಾದಿ. ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಈ ಜಾತಿ ಉಂಟು. ಹುಲುಸಾಗಿ ಬೆಳೆಯುವುದು ಮಾತ್ರ ನೆಬ್ರಾಸ್ಕಾದ ಜೋಳದ ನೆಲದಲ್ಲಿ. ವಿಶ್ವವಿದ್ಯಾಲಯದ ತಂಡ ಕಾರ್ನ್‌ಹಸ್ಕರ್ಸ್. ಇವರ ಮೆಮೋರಿಯಲ್ ಸ್ಟೇಡಿಯಂನಲ್ಲಿ 1962ರ ನವೆಂಬರ್‌ನಿಂದ ಈಚೆಗೆ ಒಂದು ಪಂದ್ಯದ ಟಿಕೆಟ್ಟೂ ಮಾರಾಟವಾಗದೆ ಉಳಿದಿಲ್ಲವೆಂಬುದು ಊರಿನ ಹೆಮ್ಮೆ. ಪಂದ್ಯದ ದಿನ ಒಳಗೆ ಕೂತವರನ್ನು ಎಣಿಸಿದರೆ ಒಮಾಹಾ, ಲಿಂಕನ್ ಬಿಟ್ಟು ರಾಜ್ಯದ ಮೂರನೇ ದೊಡ್ಡ ಊರು ಅದೇ. ಐದು ಸಲ ರಾಷ್ಟ್ರೀಯ ಚಾಂಪಿಯನ್ನರಾಗಿದ್ದಾರೆ, ಕೊನೆಯ ಸಲ 1997ರಲ್ಲಿ. ಆಮೇಲೆ ಬಂದದ್ದು ಬರೀ ಹೊಸ ಕೋಚ್‌ಗಳು.

ಅಂಕಿಅಂಶ ಗೊತ್ತಿಲ್ಲದ್ದಕ್ಕೇ ಈತನಿಗೆ ಇಷ್ಟು ಆಸೆ ಎಂದು ಹೊರಗಿನವರು ಭಾವಿಸುತ್ತಾರೆ. ಅದು ಶುದ್ಧ ತಪ್ಪು. ಸೋಲಿನ ಕಡತಗಳನ್ನೆಲ್ಲ ಸಾಲುಸಾಲು ಓದಿಕೊಂಡೇ ಈತ ಗೆಲುವಿನ ಪರ ವಾದಕ್ಕೆ ನಿಲ್ಲುವುದು. 2021ರಲ್ಲಿ ತಂಡ ಹನ್ನೆರಡರಲ್ಲಿ ಒಂಬತ್ತು ಪಂದ್ಯ ಸೋತಿತು. ಆದರೆ ಒಂದು ಸೋಲೂ ಎರಡಂಕಿಯ ಅಂತರದ್ದಲ್ಲ. ಇಡೀ ಸೀಸನ್ನಿನ ಲೆಕ್ಕ ಕೂಡಿದರೆ ಎದುರಾಳಿಗಳಿಗೆ ಬಿಟ್ಟುಕೊಟ್ಟದ್ದಕ್ಕಿಂತ ಇವರು ಗಳಿಸಿದ ಅಂಕಗಳೇ ಹೆಚ್ಚು! ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ನಾವು ನಗೆಯಾಡುತ್ತೇವೆ. ಈತ ಮೀಸೆಯ ಅಳತೆ ಬರೆದಿಟ್ಟುಕೊಂಡಿದ್ದಾನೆ.

ಇಂಥವನಿಗೆ ಬೌಲ್ ಪಂದ್ಯ ಸಿಕ್ಕಿತೆಂದರೆ ಮುಗಿಯಿತು. ಹನ್ನೆರಡು ಪಂದ್ಯಗಳಲ್ಲಿ ಆರು ಗೆದ್ದ ತಂಡಕ್ಕೆ ವರ್ಷದ ಕೊನೆಯಲ್ಲಿ ದೂರದ ಯಾವುದೋ ಊರಿನಲ್ಲಿ ಇನ್ನೊಂದು ಪಂದ್ಯ ಆಡುವ ಯೋಗ. 1902ರಲ್ಲಿ ಪ್ಯಾಸಡೀನಾದಲ್ಲಿ ಗುಲಾಬಿ ಹಬ್ಬದ ಜೊತೆಗೆ ಆರಂಭವಾದ ಸಂಪ್ರದಾಯ ಈಗ ಆಲೂಗಡ್ಡೆಯ ಹೆಸರಿನ ಬೌಲ್, ಮಯೊನೀಸ್ ಹೆಸರಿನ ಬೌಲ್‌ವರೆಗೆ ಬಂದಿದೆ. ಎರಡನೆಯದರಲ್ಲಿ ಗೆದ್ದ ಕೋಚ್‌ನ ತಲೆಗೆ ಮಯೊನೀಸ್ ಅಭಿಷೇಕ. 1969ರಿಂದ 2003ರವರೆಗೆ ನೆಬ್ರಾಸ್ಕಾಕ್ಕೆ ವರ್ಷ ತಪ್ಪದೆ ಬೌಲ್ ಇತ್ತು. ಆ ಕಾಲದಲ್ಲಿ ಈತ ಸಣ್ಣಪುಟ್ಟ ಬೌಲ್‌ಗಳನ್ನು ಕಣ್ಣೆತ್ತಿ ನೋಡುತ್ತಿರಲಿಲ್ಲ. 2017ರಿಂದ ಏಳು ಸೀಸನ್ ಸತತವಾಗಿ ಬರಗಾಲ ಬಿದ್ದ ಮೇಲೆ ಮಯೊನೀಸ್‌ಗೂ ತಲೆಯೊಡ್ಡಲು ಸಿದ್ಧನಾಗಿದ್ದ.

2024ರಲ್ಲಿ ಅಂತೂ ಆರು ಗೆಲುವು ಕೂಡಿ ಬಂದವು. ಸಿಕ್ಕಿದ್ದು ಪಿನ್‌ಸ್ಟ್ರೈಪ್ ಬೌಲ್: ಡಿಸೆಂಬರ್ 28, ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂ, ಎದುರಾಳಿ ಬಾಸ್ಟನ್ ಕಾಲೇಜು. ಬೇಸ್‌ಬಾಲ್ ಮೈದಾನಕ್ಕೆ ಗೆರೆ ಎಳೆದು ಆಡಿಸುವ ಫುಟ್‌ಬಾಲ್. ಈತ ಅಂದೇ ವಾದ ಆರಂಭಿಸಿದ.

ಅಕ್ಟೋಬರ್‌ನಲ್ಲಿ ಇಂಡಿಯಾನಾ 56-7ರಿಂದ ಹೊಸಕಿ ಹಾಕಿತ್ತಲ್ಲ? ಅದೇ ಇಂಡಿಯಾನಾ ಚಾಂಪಿಯನ್‌ಶಿಪ್‌ನ ಪ್ಲೇಆಫ್ ತಲುಪಿತು. ಅಂದಮೇಲೆ ನಮ್ಮನ್ನು ಸೋಲಿಸಿದವರು ಸಾಮಾನ್ಯರಲ್ಲ. ಒಹಾಯೋ ಸ್ಟೇಟ್ ಕೂಡ ಪ್ಲೇಆಫ್ ತಂಡ, ಅದರೆದುರು ಬರೀ ನಾಲ್ಕು ಅಂಕಗಳ ಸೋಲು. ಅಂದಮೇಲೆ ನಾವೂ ಹೆಚ್ಚುಕಡಿಮೆ ಪ್ಲೇಆಫ್ ತಂಡವೇ. ಲಾಸ್ ಏಂಜಲೀಸಿನ ಎರಡು ತಂಡಗಳಿಗೂ ಸೋತದ್ದನ್ನು ನೆನಪಿಸಿದರೆ ಆ ಕಡತ ಮಾತ್ರ ಕೈಗೆ ಸಿಗುವುದಿಲ್ಲ. ರಕ್ಷಣಾ ವಿಭಾಗದ ಕೋಚ್ ಟೋನಿ ವೈಟ್ ತಂಡ ಬಿಟ್ಟು ಫ್ಲಾರಿಡಾ ಸ್ಟೇಟ್‌ಗೆ ಹೋದಾಗ ಬೇರೆಯವರಾಗಿದ್ದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಈತ ಹಿಗ್ಗಿದ. ಬಾಸ್ಟನ್‌ನವರು ಕೂತು ನೋಡುತ್ತಿರುವುದೆಲ್ಲ ಹಳೇ ಕೋಚ್‌ನ ವಿಡಿಯೊ, ನಾವು ಏನು ಮಾಡುತ್ತೇವೆಂದು ಅವರಿಗೆ ಹೇಗೆ ತಿಳಿಯಬೇಕು? ನಮಗೇ ತಿಳಿಯದು!

ಬಾಸ್ಟನ್ ಕಾಲೇಜನ್ನು ನಡೆಸುವವರು ಜೆಸ್ಯೂಟ್ ಪಾದ್ರಿಗಳು. ‘ವಿದ್ಯಾವಂತರು, ಬಹಳ ಗೌರವವಿದೆ’ ಎನ್ನುತ್ತಾನೆ, ಪಂದ್ಯ ಅಲ್ಲಿಗೇ ಇತ್ಯರ್ಥವಾದಂತೆ. ಅವರು 2014ರಲ್ಲೂ 2017ರಲ್ಲೂ ಇದೇ ಬೌಲ್‌ಗೆ ಬಂದು ಸೋತು ಹೋಗಿದ್ದಾರೆ ಎಂಬುದನ್ನು ಲಿಫ್ಟಿನಲ್ಲಿ ಸಿಕ್ಕಿದವರಿಗೂ ಹೇಳುತ್ತಾನೆ. ಹವಾಮಾನವೂ ಈತನ ಪಕ್ಷದಲ್ಲೇ ಇದೆ. ಚಳಿಯಿದ್ದರೆ ನಮ್ಮ ಹುಡುಗರಿಗೆ ಚಳಿ ಹೊಸದಲ್ಲ. ಬಿಸಿಲಿದ್ದರೆ ಚಳಿ ಕಂಡ ಹುಡುಗರು ಹುರುಪಾಗಿ ಓಡುತ್ತಾರೆ.

ಇಷ್ಟೆಲ್ಲ ಭರವಸೆಯ ಅಡಿಯಲ್ಲಿ ಒಂದು ಗಾಯವಿದೆ. ಅದನ್ನು ನೋಡಬೇಕಾದರೆ ಮಧ್ಯಾಹ್ನ ಆಫೀಸಿನಲ್ಲಿ ಈತನೆದುರು ಊಟಕ್ಕೆ ಕೂರಬೇಕು. ನೆಬ್ರಾಸ್ಕಾದವರಿಗೆ ಖಾರದ ಚಿಲ್ಲಿಯ ಜೊತೆ ದಾಲ್ಚಿನ್ನಿಯ ಸಿಹಿ ರೋಲ್ ಆಗಬೇಕು (ಹೋಳಿಗೆಯನ್ನು ಮಾವಿನಕಾಯಿ ಚಿತ್ರಾನ್ನದ ಜೊತೆ ತಿನ್ನುವವರು ಇದಕ್ಕೆ ಮೂಗು ಮುರಿಯಬಾರದು). ಈತ ಚಿಲ್ಲಿಯಿಂದ ಕೆಂಪು ಕಾಳುಗಳನ್ನು ಚಮಚದಲ್ಲಿ ಎತ್ತಿ ಕಾಗದದ ಕರವಸ್ತ್ರದ ಮೇಲೆ ಸಾಲಾಗಿ ಇಡುತ್ತಾನೆ. ಇದು ನೆಬ್ರಾಸ್ಕಾ. ಎದುರಿಗೆ ಈರುಳ್ಳಿ ಚೂರುಗಳು, ಅದು ಮಯಾಮಿ. 1984ರ ಜನವರಿ 2, ಆರೆಂಜ್ ಬೌಲ್. ಸ್ಕೋರು 31-30, ಮಯಾಮಿ ಮುಂದೆ, ಆಟ ಮುಗಿಯಲು ಒಂದು ನಿಮಿಷವೂ ಇಲ್ಲ. ಚೆಂಡನ್ನು ಕಂಬಗಳ ನಡುವೆ ಒದ್ದು ಒಂದು ಅಂಕ ಪಡೆದು ಸಮ ಮಾಡಿಕೊಂಡಿದ್ದರೆ ಚಾಂಪಿಯನ್‌ಶಿಪ್ ಬಹುತೇಕ ಕೈಯಲ್ಲಿತ್ತು. ಕೋಚ್ ಟಾಮ್ ಆಸ್ಬರ್ನ್ ಒಪ್ಪಲಿಲ್ಲ, ಗೆಲ್ಲಲೆಂದೇ ಎರಡು ಅಂಕಕ್ಕೆ ಹೋದರು. ‘ಇಲ್ಲಿ ನಮ್ಮ ಕ್ವಾರ್ಟರ್‌ಬ್ಯಾಕ್ ಟರ್ನರ್ ಗಿಲ್ ನಿಂತಿದ್ದಾನೆ’ ಎಂದು ಒಂದು ಕಾಳನ್ನು ಬೆರಳ ತುದಿಯಲ್ಲಿ ಬಲಕ್ಕೆ ಸರಿಸಿದ. ‘ಇಲ್ಲಿಗೆ ಎಸೆದ.’ ಈರುಳ್ಳಿ ಚೂರೊಂದು ಅಡ್ಡ ಬಂತು, ಚೆಂಡಿಗೆ ಬೆರಳು ತಾಗಿತು. ಈತ ಆ ಚೂರನ್ನೇ ನೋಡುತ್ತ ಒಂದು ಗಳಿಗೆ ಕೂತ. ಆಮೇಲೆ ಎತ್ತಿ ಬಾಯಿಗೆ ಹಾಕಿಕೊಂಡು ನುಣ್ಣಗೆ ಅಗಿದ.

ನನಗನ್ನಿಸುವಂತೆ ಈತನಿಗೆ ಪಂದ್ಯ ಬೇಕಿಲ್ಲ. ನವೆಂಬರ್ 29ರಂದು ಅಯೋವಾಕ್ಕೆ 13-10ರಿಂದ ಸೋತ ಮೇಲೆ ತಿಂಗಳ ಕಾಲ ತಂಡ ಕಣಕ್ಕೇ ಇಳಿಯುವುದಿಲ್ಲ. ಆದ್ದರಿಂದ ಸೋಲುವುದೂ ಇಲ್ಲ. ಆ ಅವಧಿಯ ಅಷ್ಟೂ ಆಟವನ್ನು ಆಡುವವನು ಈತನೇ, ಗೆಲ್ಲುವವನೂ ಈತನೇ. ನಿಜವಾದ ಪಂದ್ಯ ಶುರುವಾದಾಗ ನೋಡಬೇಕು ಮುಖವನ್ನು: ಇಪ್ಪತ್ತೆರಡು ಹುಡುಗರು ಇವನ ಅಪ್ಪಣೆ ಕೇಳದೆ ಏನೇನೋ ಮಾಡತೊಡಗುತ್ತಾರೆ. ಸೋಫಾದ ಅಂಚಿನಲ್ಲಿ ಟೋಪಿ ತಿರುಚುತ್ತ ಕೂತವನ ಬಾಯಿಂದ ಮೂರು ಗಂಟೆ ಒಂದು ಅಂಕಿಅಂಶವೂ ಹೊರಡಲಿಲ್ಲ.

ಗೆದ್ದರು, 20-15. ಒಟ್ಟು ಏಳು ಗೆಲುವು, ಆರು ಸೋಲು. 2016ರ ನಂತರ ಮೊದಲ ಸಲ ಸೋಲಿಗಿಂತ ಗೆಲುವು ಹೆಚ್ಚು. ಸೋಮವಾರ ಅಭಿನಂದಿಸಲು ಹೋದೆ. ಸೋತಿದ್ದರೆ ಆಡಬೇಕಾಗಿದ್ದ ಮಾತುಗಳೆಲ್ಲ ಖರ್ಚಾಗದೆ ಉಳಿದು ಮನುಷ್ಯ ಸ್ವಲ್ಪ ಪೆಚ್ಚಾಗಿದ್ದ. ಕುರ್ಚಿ ಎಳೆದುಕೊಟ್ಟು, ದನಿ ತಗ್ಗಿಸಿ ಕೇಳಿದ: ‘ಆಗಸ್ಟ್ ಕೊನೆಗೆ ಕ್ಯಾನ್ಸಸ್ ಸಿಟಿಯಲ್ಲಿ ಸಿನ್ಸಿನಾಟಿ ಜೊತೆ ಮ್ಯಾಚು. ಅವರ ರಕ್ಷಣೆಯ ಬಗ್ಗೆ ನಿಮಗೇನಾದರೂ ಗೊತ್ತೇ?’