ಆಡಿಟರ ಕೈಗೆ ಸುತ್ತಿಗೆ ಕೊಡಿ

ಆಂತರಿಕ ಲೆಕ್ಕಪರಿಶೋಧಕರಿಗೆ ವೃತ್ತಿನೀತಿ ಕಲಿಸುವ ತರಬೇತಿಗಳನ್ನು ಬೆಂಗಳೂರಿನ ಎ.ಸಿ. ಹೋಟೆಲುಗಳಿಂದ ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಎತ್ತಂಗಡಿ ಮಾಡಬೇಕೆಂದು ನನ್ನ ಸಲಹೆ. ಬಫೆ ಊಟದ ಖರ್ಚಾದರೂ ಉಳಿಯುತ್ತದೆ.

ಅದು ಶಿಲ್ಪಿಗಳ ಊರು. ಕೃಷ್ಣಶಿಲೆಯಲ್ಲಿ ಗಣಪತಿ, ನಂದಿಗಳು ಅರ್ಧ ಮೈ ಮೂಡಿಸಿಕೊಂಡು ಕಾದು ಕೂತಿರುತ್ತಾರೆ. ಶಿಲ್ಪಿ ಉಳಿ ಮುಟ್ಟುವ ಮೊದಲು ಕಲ್ಲಿಗೆ ಸುತ್ತಿಗೆಯಿಂದ ತಟ್ಟಿ ಕಿವಿಗೊಡುತ್ತಾರೆ. ಠಣ್ ಎಂದರೆ ದೇವರಾಗುವ ಕಲ್ಲು. ಡಬ್ ಎಂದರೆ ಒಳಗೆ ಬಿರುಕಿದೆ, ಪಕ್ಕಕ್ಕಿಡು. ವಿಗ್ರಹಕ್ಕೆ ಮುಂಗಡ ಕೊಟ್ಟ ಟ್ರಸ್ಟಿನ ಅಧ್ಯಕ್ಷರು ಯಾವ ಪಕ್ಷದವರು ಎಂಬುದು ಕಲ್ಲಿನ ಸದ್ದಿಗೆ ಸಂಬಂಧಪಟ್ಟದ್ದಲ್ಲ.

ನಮ್ಮ ಆಡಿಟರಿಗೂ ಡಬ್ ಕೇಳಿಸುತ್ತದೆ, ಕಿವಿಗೇನೂ ಊನವಿಲ್ಲ. ವರದಿಯಲ್ಲಿ ಮಾತ್ರ ಅದು 'ಸುಧಾರಣೆಗೆ ಅವಕಾಶವಿದೆ' ಎಂದಾಗುತ್ತದೆ. ವೋಚರೇ ಇಲ್ಲದಿದ್ದರೆ 'ದಾಖಲೆ ನಿರ್ವಹಣೆಯನ್ನು ಬಲಪಡಿಸಬಹುದು'. ದುಡ್ಡೇ ಇಲ್ಲದಿದ್ದರೆ 'ಆಡಳಿತ ವರ್ಗದ ಗಮನಕ್ಕೆ ತರಲಾಗಿದೆ'. ಕರಡು ಎಂ.ಡಿ. ಕೊಠಡಿಗೆ ಹೋಗಿ, ಕಾಫಿ ಕುಡಿದು ಬರುವಷ್ಟರಲ್ಲಿ ಮುಕ್ಕಾಲು ಪಾಲು ಪ್ಯಾರಾಗಳು 'ಡ್ರಾಪ್' ಆಗಿರುತ್ತವೆ.

ಇನ್‌ಸ್ಟಿಟ್ಯೂಟ್ ಆಫ್ ಇಂಟರ್ನಲ್ ಆಡಿಟರ್ಸ್ ಸಂಸ್ಥೆಯ ಹೊಸ ಜಾಗತಿಕ ಮಾನದಂಡಗಳು 2025ರ ಜನವರಿಯಲ್ಲಿ ಜಾರಿಗೆ ಬಂದವು. ಅವುಗಳಲ್ಲಿ ನೀತಿತತ್ವಗಳು ಐದು: ಪ್ರಾಮಾಣಿಕತೆ, ವಸ್ತುನಿಷ್ಠತೆ, ಸಾಮರ್ಥ್ಯ, ವೃತ್ತಿಪರ ಎಚ್ಚರ, ಗೋಪ್ಯತೆ. ನಮ್ಮವರು ಏನೂ ಪಾಲಿಸುವುದಿಲ್ಲ ಎಂದು ದೂರಬೇಡಿ. ಐದನೆಯದನ್ನು ಚಾಚೂ ತಪ್ಪದೆ ಪಾಲಿಸುತ್ತಾರೆ.

ಸತ್ಯಂ ಕಂಪನಿಯ ಸುಳ್ಳು ಲೆಕ್ಕ ಲೋಕಕ್ಕೆ ತಿಳಿದದ್ದು 2009ರ ಜನವರಿ 7ರಂದು, ಅಧ್ಯಕ್ಷ ರಾಮಲಿಂಗ ರಾಜು ತಾವೇ ಪತ್ರ ಬರೆದು ಒಪ್ಪಿಕೊಂಡಾಗ. ಕಳ್ಳನೇ ಬಂದು ಹೇಳುವ ತನಕ ಕಾವಲುಗಾರರು ಮೌನವ್ರತದಲ್ಲಿದ್ದರು. 2015ರಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯ ಶಿಕ್ಷೆ ವಿಧಿಸಿದ ಹತ್ತು ಮಂದಿಯಲ್ಲಿ ಕಂಪನಿಯ ಆಂತರಿಕ ಆಡಿಟ್ ಮುಖ್ಯಸ್ಥರಾಗಿದ್ದವರೂ ಒಬ್ಬರು. ಮೇಲ್ಮನವಿಯ ಕಥೆ ಬೇರೆ.

ನಮ್ಮದೇ ರಾಜ್ಯದ ವಾಲ್ಮೀಕಿ ಅಭಿವೃದ್ಧಿ ನಿಗಮದ ಕೋಟಿಗಳು ದಾರಿ ತಪ್ಪಿದ್ದು ಜನಕ್ಕೆ ಗೊತ್ತಾದದ್ದು ಆಡಿಟ್ ವರದಿಯಿಂದಲ್ಲ. 2024ರ ಮೇ ತಿಂಗಳಲ್ಲಿ ಲೆಕ್ಕಪತ್ರ ಅಧೀಕ್ಷಕರೊಬ್ಬರು ಬರೆದಿಟ್ಟುಹೋದ ಮರಣಪತ್ರದಿಂದ. ಇಲ್ಲಿ ನನಗೆ ವ್ಯಂಗ್ಯ ಹೊರಡುವುದಿಲ್ಲ.

ಕಾನೂನಿನ ಕರುಣೆಯನ್ನೂ ನೋಡಿ. ನರೇಗಾದಲ್ಲಿ ಬದು ಹಾಕಿ, ಕೃಷಿಹೊಂಡ ತೋಡಿ ಕೂಲಿ ಪಡೆದವರ ಲೆಕ್ಕ ನೋಡಲು ಸಾಮಾಜಿಕ ಪರಿಶೋಧನೆ ಎಂಬುದಿತ್ತು. 2011ರ ನಿಯಮದ ಪ್ರಕಾರ ಅದಕ್ಕೆ ಬರುವ ಸಂಪನ್ಮೂಲ ವ್ಯಕ್ತಿ ಅದೇ ಪಂಚಾಯಿತಿಯ ನಿವಾಸಿಯಾಗಿರುವಂತಿರಲಿಲ್ಲ. ಸರಿಯಾದದ್ದೇ, ನೆಂಟಸ್ತಿಕೆಗೆ ಕಣ್ಣು ಮಂಜಾಗುತ್ತದೆ. ಆದರೆ 2013ರ ಕಂಪನಿ ಕಾಯ್ದೆ ಮತ್ತು ಅದರ ನಿಯಮಗಳು ಹೇಳುವುದು, ಆಂತರಿಕ ಆಡಿಟರ್ ಆ ಕಂಪನಿಯ ನೌಕರನೇ ಆಗಿದ್ದರೂ ಅಡ್ಡಿಯಿಲ್ಲ ಎಂದು. ಬದುವಿನ ಲೆಕ್ಕಕ್ಕೆ ಪಕ್ಕದೂರಿನವರು ಬೇಕು, ಕೋಟಿಯ ಲೆಕ್ಕಕ್ಕೆ ಮನೆಯವರೇ ಸಾಕು. ಸಂಬಳ, ಬಡ್ತಿ, ರಜೆ ಎಲ್ಲವೂ ಯಾರ ಕೈಯಲ್ಲಿದೆಯೋ ಅವರ ವೋಚರಿನ ಮೇಲೆಯೇ ಇವರು 'ವಸ್ತುನಿಷ್ಠ'ರಾಗಬೇಕು. ಅಂಥ ಜಾಗದಲ್ಲಿ ಕೂತು ನಿಜ ಬರೆದವರೂ ಇದ್ದಾರೆ. ಅವರನ್ನು ವರ್ಗಾವಣೆಯ ಆದೇಶಗಳಲ್ಲಿ ಹುಡುಕಿ.

ಇನ್ನು ನಮ್ಮ ಪಾಲಿನ ಪುಣ್ಯ. ಹಾಲಿನ ಡೈರಿ, ರೈತರ ಸೊಸೈಟಿಗಳಿಗೆ ವರ್ಷದ ಆಡಿಟರನ್ನು ನೇಮಿಸುವುದು ಇಲಾಖೆಯ ಪಟ್ಟಿಯಿಂದ ಮಹಾಸಭೆಯೇ, ಅಂದರೆ ಸದಸ್ಯರಾದ ನೀವೇ. ಆ ವಿಷಯ ಬಂದಾಗ ಕಾರ್ಯದರ್ಶಿ ಒಂದೇ ಉಸಿರಿನಲ್ಲಿ ಓದುತ್ತಾನೆ, ಹಿಂದಿನ ಸಾಲಿನಿಂದ 'ಒಪ್ಪಿಗೆ, ಒಪ್ಪಿಗೆ' ಎಂಬ ಕೂಗು ಬರುತ್ತದೆ, ಅಷ್ಟರಲ್ಲಿ ಎಲೆ ಹಾಕಿರುತ್ತಾರೆ. ಈ ಸಲ ಊಟಕ್ಕೆ ಏಳುವ ಮೊದಲು ಎದ್ದು ನಿಂತು, ಹೋದ ವರ್ಷದ ವರದಿಯ ಆಕ್ಷೇಪಣೆಗಳ ಪುಟವನ್ನು ಗಟ್ಟಿಯಾಗಿ ಓದಿ ಎನ್ನಿ.