ಕಾಲಿನ ಲೆಕ್ಕ

ಮೈಸೂರಿನ ನ್ಯಾಯಾಲಯಕ್ಕೆ ಸಮೀಪವಾದ ಒಂದು ಕಚೇರಿಯಲ್ಲಿ, ಕಾರು ಬಡಿದು ಮೊಣಕಾಲ ಕೆಳಗಿನ ಎಲುಬು ಮುರಿದು ಒಳಗೆ ಉಕ್ಕಿನ ಸರಳನ್ನು ಹಾಕಿಸಿಕೊಂಡಿದ್ದ ಬಡಗಿಯೊಬ್ಬನು, ಊರುಗೋಲನ್ನು ಮೇಜಿಗೆ ಒರಗಿಸಿ, ಎಫ್‌ಐಆರ್ ಪ್ರತಿಯನ್ನೂ ಗಾಯದ ಪ್ರಮಾಣಪತ್ರವನ್ನೂ ವಕೀಲರ ಮುಂದಿರಿಸಿ, ನೋವಿನಲ್ಲಿಯೂ ವಿನಯವನ್ನು ಬಿಡದೆ ಕುಳಿತಿದ್ದನು.

"ವಯಸ್ಸೆಷ್ಟಪ್ಪ?"

"ನಲವತ್ತೈದು, ಸ್ವಾಮಿ."

"ಪುಣ್ಯವಂತ! ಸರ್ವೋಚ್ಚ ನ್ಯಾಯಾಲಯದ 2009ರ ಸರಳಾ ವರ್ಮಾ ತೀರ್ಪಿನಂತೆ ನಿನಗೆ ವರ್ಷದ ಆದಾಯವನ್ನು ಗುಣಿಸುವ ಗುಣಕ 14. ಮುಂದಿನ ವರ್ಷ ಬಿದ್ದಿದ್ದರೆ 13ಕ್ಕೆ ಇಳಿಯುತ್ತಿದ್ದೆ. ವೈದ್ಯರು ಕಾಲಿಗೆ ಶೇಕಡಾ 30 ಊನವೆಂದು ಬರೆದರೆ, ನ್ಯಾಯಾಧಿಕರಣವು ಸಾಮಾನ್ಯವಾಗಿ ಅದರ ಮೂರನೆಯ ಒಂದು ಪಾಲನ್ನು ಇಡೀ ದೇಹಕ್ಕೆ ಹಚ್ಚುವುದು. ತಿಂಗಳ ಆದಾಯ 12,000 ಎಂದಿಟ್ಟುಕೊಂಡರೆ, ದುಡಿಮೆಯ ನಷ್ಟ 2,01,600 ರೂಪಾಯಿ."

"ಅಂದರೆ ಹತ್ತರಲ್ಲಿ ಒಂಬತ್ತು ಪಾಲು ನೆಟ್ಟಗಿದ್ದೇನೆಯೆ? ಕಾಲು ಮುರಿದ ಕುರ್ಚಿಯನ್ನು ಮುಕ್ಕಾಲು ಬೆಲೆಗೆ ಮಾರಹೋದರೆ ಗಿರಾಕಿ ನನ್ನನ್ನೇ ಬೈಯುವನು."

"2010ರ ಇನ್ನೊಂದು ತೀರ್ಪು ನಿನ್ನ ಮಾತನ್ನೇ ಆಡುತ್ತದೆ: ಅಂಗದ ಊನಕ್ಕಿಂತ ಕಸುಬಿಗೆ ತಟ್ಟಿದ ಊನವೇ ಮುಖ್ಯ. ಅದನ್ನು ರುಜುವಾತುಪಡಿಸಲು ಮಾತ್ರ ವೈದ್ಯರು ಸಾಕ್ಷಿಕಟ್ಟೆಗೆ ಬರಬೇಕು. ಪರಿಹಾರದ ಅರ್ಜಿಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಆರು ತಿಂಗಳ ಗಡುವು ವಿಧಿಸಿದೆ. ಬೇಗ ರುಜು ಹಾಕು."

"ತೀರ್ಪಿಗೂ ಆರು ತಿಂಗಳೇ?"

"ಅವಸರ ಅರ್ಜಿದಾರನ ಧರ್ಮ, ಸಾವಧಾನ ನ್ಯಾಯದ ಧರ್ಮ."

"ತಮ್ಮ ಫೀಜು, ಸ್ವಾಮಿ?"

"ಪರಿಹಾರದಲ್ಲಿ ಪಾಲು ಕೇಳುವುದು ವಕೀಲರ ಪರಿಷತ್ತಿನ ನಿಯಮಕ್ಕೆ ವಿರುದ್ಧ. ಆದಕಾರಣ ನಾನು ಎಂದೂ ಕೇಳುವವನಲ್ಲ. ಕೇಳದೆಯೇ ಅರ್ಥಮಾಡಿಕೊಳ್ಳುವ ಕಕ್ಷಿದಾರರನ್ನು ಮಾತ್ರ ಒಪ್ಪಿಕೊಳ್ಳುತ್ತೇನೆ."